ತಂದೆಗೆ ಮೊದಲೇ ಗೊತ್ತಿದ್ದರೆ ಪ್ರಾರ್ಥನೆ ಯಾಕೆ?

ಓದಬೇಕಾದ ಭಾಗ: ಮತ್ತಾಯ 6:5-15, 1 ಸಮುವೇಲ 1

ನೀವು ಬೇಡುವುದಕ್ಕೆ ಮೊದಲೇ ನಿಮಗೆ ಏನು ಬೇಕೆಂಬುದು ನಿಮ್ಮ ತಂದೆಗೆ ಗೊತ್ತು. ಮತ್ತಾಯ 6:8ರಲ್ಲಿ ಯೇಸು ಹೀಗೆ ಹೇಳುತ್ತಾನೆ. ಗೊತ್ತಿದ್ದ ಮೇಲೆ ಬೇಡುವುದು ಯಾಕೆ ಅನ್ನುವ ಪ್ರಶ್ನೆ ನಮಗೆ ಬಂದೇ ಬರುತ್ತದೆ, ಅಲ್ವಾ? ಆದರೆ ಯೇಸು ಅದೇ ಮಾತನ್ನು ಆಧಾರ ಮಾಡಿಕೊಂಡು ಮುಂದಿನ ವಚನದಲ್ಲೇ ಕರ್ತನ ಪ್ರಾರ್ಥನೆಯನ್ನು (ಪರಲೋಕದಲ್ಲಿರುವ ನಮ್ಮ ತಂದೆಯೇ ಎಂದು ಶುರುವಾಗುವ ಪ್ರಾರ್ಥನೆ) ಕಲಿಸುತ್ತಾನೆ. ಗೊತ್ತಿರುವ ತಂದೆ ಇದ್ದಾನೆ, ಅದಕ್ಕೇ ಮಾತಾಡಿ ಎನ್ನುತ್ತಾನೆ. ಅಂದರೆ ದೇವರಿಗೆ ಸುದ್ದಿ ಮುಟ್ಟಿಸುವುದು ಪ್ರಾರ್ಥನೆಯ ಉದ್ದೇಶ ಅಲ್ಲ.

7ನೇ ವಚನದಲ್ಲಿ ಇನ್ನೊಂದು ಎಚ್ಚರಿಕೆ ಇದೆ: ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ. ಕರ್ಮೆಲ್ ಬೆಟ್ಟದ ಮೇಲೆ ಬಾಳ್ ಎಂಬ ಅನ್ಯದೇವತೆಯ ಪ್ರವಾದಿಗಳು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂಗಿದರು, ಉತ್ತರ ಬರಲಿಲ್ಲ. ದೇವರ ಪ್ರವಾದಿ ಎಲೀಯನ ಪ್ರಾರ್ಥನೆ ಎರಡೇ ವಚನ (1 ಅರಸುಗಳು 18:36-37), ಉತ್ತರ ಬಂತು. ಹಾಗಂತ ಹೇಳಿದ್ದನ್ನೇ ಮತ್ತೆ ಹೇಳುವುದು ತಪ್ಪು ಅಂತಲ್ಲ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಮೂರು ಸಲ ಅದೇ ಮಾತನ್ನು ಪ್ರಾರ್ಥಿಸಿದ.

ಈಗ 1 ಸಮುವೇಲ 1ರ ಹನ್ನಳ ಕಡೆ ಬರೋಣ. ಈ ಅಧ್ಯಾಯವನ್ನು ಅವಸರದಲ್ಲಿ ಓದಬೇಡಿ. ಮಕ್ಕಳಿಲ್ಲದ ಹನ್ನಳನ್ನು ಅವಳ ಗಂಡನ ಇನ್ನೊಬ್ಬ ಹೆಂಡತಿ ಪೆನಿನ್ನ ವರ್ಷ ವರ್ಷವೂ ಕೆಣಕುತ್ತಿದ್ದಳು. ಹನ್ನ ಅಳುತ್ತಿದ್ದಳು, ಊಟ ಬಿಡುತ್ತಿದ್ದಳು. ಶೀಲೋವಿನ ದೇವಾಲಯದಲ್ಲಿ ಅವಳು ಪ್ರಾರ್ಥಿಸುವಾಗ ತುಟಿ ಮಾತ್ರ ಅಲುಗುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಬಾಗಿಲ ಬಳಿ ಕೂತಿದ್ದ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡು ಗದರಿಸಿದ. ಇಲ್ಲ, ನನ್ನ ಮನಸ್ಸಿನ ದುಃಖವನ್ನೆಲ್ಲ ಕರ್ತನ ಮುಂದೆ ತೋಡಿಕೊಳ್ಳುತ್ತಿದ್ದೇನೆ ಎಂದಳು ಅವಳು. ಏಲಿ ಆಶೀರ್ವದಿಸಿ ಕಳಿಸಿದ.

18ನೇ ವಚನಕ್ಕೆ ಗೆರೆ ಎಳೆಯಿರಿ. ಹನ್ನ ಹೋಗಿ ಊಟ ಮಾಡಿದಳು, ಅವಳ ಮುಖ ಮತ್ತೆ ಬಾಡಲಿಲ್ಲ. ಆಗ ಇನ್ನೂ ಗರ್ಭ ನಿಂತಿರಲಿಲ್ಲ. ಮನೆಯಲ್ಲಿ ಪೆನಿನ್ನ ಹಾಗೇ ಇದ್ದಳು. ಬದಲಾಗಿದ್ದು ಒಂದೇ: ಭಾರವನ್ನು ಯಾರ ಹತ್ತಿರ ಇಡಬೇಕಿತ್ತೋ ಅಲ್ಲಿ ಇಟ್ಟು ಬಂದಿದ್ದಳು. ನನಗೆ ಇಡೀ ಅಧ್ಯಾಯದಲ್ಲಿ ಇದೇ ದೊಡ್ಡ ವಚನ. ಆದರೆ ಇದನ್ನೇ ಹಿಡಿದುಕೊಂಡು, ಪ್ರಾರ್ಥನೆ ಅಂದರೆ ಸುಮ್ನೆ ಮನಸ್ಸು ಹಗುರ ಮಾಡಿಕೊಳ್ಳುವುದು ಎಂದು ತೀರ್ಮಾನಿಸಬೇಡಿ. ಮರುವಚನದಲ್ಲೇ ಕರ್ತನು ಅವಳನ್ನು ನೆನಪಿಸಿಕೊಂಡನು ಎಂದಿದೆ, ಸಮುವೇಲ ಹುಟ್ಟುತ್ತಾನೆ. ಬೇಡಿದ್ದು ನಿಜ, ಕೊಟ್ಟದ್ದೂ ನಿಜ.

ಹಾಗಾದರೆ ಬೇಡಿದ್ದು ಸಿಗದಿದ್ದಾಗ? ಮಾರ್ಕ 14:36 ನೋಡಿ. ಅಪ್ಪಾ, ತಂದೆಯೇ, ಈ ಪಾತ್ರೆಯನ್ನು (ಮುಂದೆ ಬರಲಿದ್ದ ಶ್ರಮೆಯನ್ನು) ನನ್ನಿಂದ ತೊಲಗಿಸು ಎಂದು ಯೇಸು ನೇರವಾಗಿಯೇ ಕೇಳುತ್ತಾನೆ. ತನ್ನ ಸಂಕಟವನ್ನು ಮುಚ್ಚಿಡುವುದಿಲ್ಲ. ಆಮೇಲೆ, ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಆಗಲಿ ಎನ್ನುತ್ತಾನೆ. ನಾವು ಹಲವರು ಮೊದಲ ಮಾತು ಬಿಟ್ಟು ಎರಡನೆಯದನ್ನೇ ಹೇಳಿಬಿಡುತ್ತೇವೆ, ಅದೇ ಭಕ್ತಿ ಅಂದುಕೊಂಡು. ಆತ ಎರಡನ್ನೂ ಹೇಳಿದ. ಪಾತ್ರೆ ತೊಲಗಲಿಲ್ಲ, ಶಿಲುಬೆ ಬಂತು. ಆದರೂ ಇಬ್ರಿಯ 5:7ರಲ್ಲಿ ಆತನ ಪ್ರಾರ್ಥನೆಯನ್ನು ದೇವರು ಕೇಳಿದನು ಎಂದಿದೆ! ದೇವರು ಕೇಳುವುದು ಅಂದರೆ ನಾವು ಹೇಳಿದಂತೆಯೇ ಮಾಡುವುದು ಅಂತಲ್ಲ ಎಂದು ಇಲ್ಲಿ ತಿಳಿಯುತ್ತದೆ. ಅಪೊಸ್ತಲ ಪೌಲನೂ ತನ್ನನ್ನು ಕಾಡುತ್ತಿದ್ದ, ಶರೀರದ ಮುಳ್ಳು ಎಂದು ಕರೆದ ಸಂಕಟವನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಸಿಕ್ಕಿತು (2 ಕೊರಿಂಥ 12:8-9).

ಮತ್ತೆ ಮತ್ತಾಯ 6ಕ್ಕೆ. ಕರ್ತನ ಪ್ರಾರ್ಥನೆಯಲ್ಲಿ ಮೊದಲು ದೇವರ ನಾಮ, ರಾಜ್ಯ, ಚಿತ್ತ. ಆಮೇಲೆ ನಮ್ಮ ಅನ್ನ. ಅದೂ ಈ ಹೊತ್ತಿನ ಅನ್ನ. ಕ್ಷಮೆಯ ವಿಷಯ ಮಾತ್ರ ಅಲ್ಲಿಗೇ ಮುಗಿಯುವುದಿಲ್ಲ. ಪ್ರಾರ್ಥನೆ ಕಲಿಸಿ ಮುಗಿಸಿದ ಮೇಲೆ, 14-15ರಲ್ಲಿ, ಯೇಸು ಮತ್ತೆ ಎತ್ತಿಕೊಂಡು ವಿವರಿಸುವುದು ಇದೊಂದನ್ನೇ: ನೀವು ಜನರನ್ನು ಕ್ಷಮಿಸದಿದ್ದರೆ ತಂದೆಯೂ ನಿಮ್ಮನ್ನು ಕ್ಷಮಿಸುವುದಿಲ್ಲ. ಮಾರ್ಕ 11:25ರಲ್ಲೂ, ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿ ಎನ್ನುತ್ತಾನೆ. ಉಪವಾಸ ಕೂಟಕ್ಕೆ ತಪ್ಪದೆ ಹೋಗುವ ನಮಗೂ ಕಷ್ಟವಾಗುವುದು ಇಲ್ಲೇ. ಇದನ್ನು ಮತ್ತಾಯ 18:21-35ರ ಸಾಲಗಾರನ ಸಾಮ್ಯದ ಜೊತೆ ಇಟ್ಟು ಓದಿ. ಓದುವಾಗ ಯಾರದಾದರೂ ಹೆಸರು ಮನಸ್ಸಿಗೆ ಬಂದರೆ, ಆ ಹೆಸರನ್ನೇ ಹಿಡಿದು ಅವತ್ತಿನ ಪ್ರಾರ್ಥನೆ ಶುರು ಮಾಡಿ.