ಫೋನ್ ಚಾರ್ಜ್ ಹತ್ತುತ್ತಿಲ್ಲವೇ? ಬ್ಯಾಟರಿಯ ಮೇಲೆ ಅನುಮಾನ ಕೊನೆಗಿರಲಿ

ಚಾರ್ಜರ್ ಸಿಕ್ಕಿಸಿದರೂ ಪರದೆಯ ಮೇಲೆ ಮಿಂಚಿನ ಗುರುತು ಬರದಿದ್ದರೆ ಹೆಚ್ಚಿನವರು ಮೊದಲು ಹೇಳುವುದು ‘ಬ್ಯಾಟರಿ ಹೋಯ್ತು’ ಎಂದು. ಆದರೆ ಬ್ಯಾಟರಿ ಹಾಳಾಗುವ ಬಗೆಯೇ ಬೇರೆ. ಹಳತಾದ ಬ್ಯಾಟರಿ ಚಾರ್ಜ್ ಆಗುತ್ತದೆ, ಬೇಗ ಇಳಿಯುತ್ತದೆ, ಶೇ. 30 ತೋರಿಸುತ್ತಿದ್ದ ಫೋನು ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಚಾರ್ಜ್ ಹತ್ತುವುದೇ ಇಲ್ಲವೆಂದರೆ, ಗೋಡೆಯ ಸಾಕೆಟ್ಟಿಗೂ ಬ್ಯಾಟರಿಗೂ ನಡುವೆ ಎಲ್ಲೋ ಕರೆಂಟು ನಿಂತಿರುವ ಸಾಧ್ಯತೆಯೇ ಹೆಚ್ಚು. ಹೊರಗಿನಿಂದ ಒಳಕ್ಕೆ, ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸುತ್ತ ಹುಡುಕಬೇಕು. ಕೇಬಲ್, ಅಡಾಪ್ಟರ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ.

ಸಾಕೆಟ್ಟಿನ ಪರೀಕ್ಷೆ ಒಂದು ನಿಮಿಷದ್ದು: ಅದೇ ಜಾಗಕ್ಕೆ ಬೇರೆ ಏನಾದರೂ ಹಾಕಿ ನೋಡಿ. ವೋಲ್ಟೇಜ್ ಕಡಿಮೆ ಎಂಬ ನೆಪ ಇಲ್ಲಿ ನಡೆಯದು. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದು ಅಚ್ಚಾಗಿದ್ದರೆ, 160ಕ್ಕೆ ಇಳಿದು ಫ್ಯಾನು ತೆವಳುತ್ತಿದ್ದರೂ ಅದು ಕೆಲಸ ಮಾಡಲೇಬೇಕು.

ಕೇಬಲ್ ಸಾಮಾನ್ಯವಾಗಿ ತುಂಡಾಗುವುದು ಕುತ್ತಿಗೆಯಲ್ಲಿ, ಪಿನ್ನಿನಿಂದ ಒಂದಿಂಚು ಹಿಂದೆ. ಬಗ್ಗಿಸಿ ಹಿಡಿದಾಗ ಚಾರ್ಜ್ ಬಂದರೆ ಟೇಪು ಸುತ್ತಬೇಡಿ, ಎಸೆಯಿರಿ. ಒಳಗೆ ಅರ್ಧ ಹರಿದ ಎಳೆಗಳು ಬಿಸಿಯಾಗುತ್ತವೆ. ಕೇಬಲ್ ತೆಳುವಾಗಿದ್ದರೂ ತೊಂದರೆಯೇ. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.2 ಓಮ್ ರೋಧ. ಒಂದು ಮೀಟರ್ ಕೇಬಲಿನಲ್ಲಿ ಹೋಗುವ ತಂತಿ, ಬರುವ ತಂತಿ ಸೇರಿ 0.4. ಅದರಲ್ಲಿ 2 ಆಂಪಿಯರ್ ಹರಿದರೆ 0.8 ವೋಲ್ಟ್ ದಾರಿಯಲ್ಲೇ ಕಳೆದು, 5 ವೋಲ್ಟಿನ ಚಾರ್ಜರಿನಿಂದ ಫೋನಿಗೆ ತಲುಪುವುದು 4.2 ಮಾತ್ರ. ಆಗ ಫೋನು ತಾನೇ ಕರೆಂಟು ತಗ್ಗಿಸಿಕೊಳ್ಳುತ್ತದೆ: ‘ಚಾರ್ಜಿಂಗ್’ ಎಂದು ತೋರಿಸುತ್ತದೆ, ಅಂಕಿ ಏರುವುದಿಲ್ಲ. ಕಂಪ್ಯೂಟರಿನ ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದೂ ಅರ್ಧ ಆಂಪಿಯರ್ ಅಷ್ಟೇ.

ಇನ್ನು ಫೋನಿನ ಟೈಪ್-ಸಿ ಕಿಂಡಿ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅಂಗಡಿಗೆ ಹೋಗುವ ಎಷ್ಟೋ ಓಡಾಟ ತಪ್ಪುತ್ತದೆ. ಅದರಲ್ಲಿ 24 ಸಂಪರ್ಕಗಳಿವೆ. ಅವುಗಳಲ್ಲಿ ಮೇಲೊಂದು, ಕೆಳಗೊಂದು ‘ಸಿಸಿ’ ಪಿನ್. ಎರಡೂ ತುದಿ ಟೈಪ್-ಸಿ ಇರುವ (ಸಿ-ಸಿ) ಕೇಬಲ್ ಹಾಕಿದಾಗ ಚಾರ್ಜರ್ ತಕ್ಷಣ 5 ವೋಲ್ಟ್ ಬಿಡುವುದಿಲ್ಲ. ಸಿಸಿ ತಂತಿಯ ಆಚೆ ತುದಿಯಲ್ಲಿ, ಅಂದರೆ ಫೋನಿನಲ್ಲಿ, 5.1 ಕಿಲೋ ಓಮ್ ರೋಧಕ ಕಂಡ ಮೇಲಷ್ಟೇ ಬಿಡುತ್ತದೆ. ಒಂದು ಸಿಸಿ ಪಿನ್ ಕೊಳೆಯಿಂದ ಮುಚ್ಚಿದ್ದರೆ ಕೇಬಲನ್ನು ಒಂದು ಮಗ್ಗುಲಲ್ಲಿ ಹಾಕಿದಾಗ ಚಾರ್ಜ್ ಹತ್ತುತ್ತದೆ, ತಿರುಗಿಸಿ ಹಾಕಿದರೆ ಇಲ್ಲ. ಎರಡೂ ಮುಚ್ಚಿದ್ದರೆ ಸಿ-ಸಿ ಕೇಬಲ್ ಪೂರ್ತಿ ಸತ್ತಂತೆ. ಆದರೆ ಹಳೆಯ ಅಗಲ ಬಾಯಿಯ ಯುಎಸ್‌ಬಿ ಚಾರ್ಜರಿನಲ್ಲಿ 5 ವೋಲ್ಟ್ ಸದಾ ಇರುವುದರಿಂದ ಅದರಲ್ಲಿ ಹಲವು ಫೋನುಗಳು ನಿಧಾನವಾಗಿಯಾದರೂ ಚಾರ್ಜ್ ಆಗುತ್ತವೆ. ಹಾಗಾಗಿ ಎರಡು ಬಗೆಯ ಕೇಬಲ್, ಎರಡು ಮಗ್ಗುಲು, ಒಟ್ಟು ನಾಲ್ಕು ಸಲ ಹಾಕಿ ನೋಡಿ. ದೋಷ ಕಿಂಡಿಯದ್ದೋ ಅಲ್ಲವೋ ಎಂಬುದು ಬಹುಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ. (ಅಗ್ಗದ ಟ್ರಿಮ್ಮರ್, ಟಾರ್ಚುಗಳಲ್ಲಿ ತಯಾರಕರು ಆ ರೋಧಕವನ್ನೇ ಹಾಕದೆ ಉಳಿಸಿರುವುದುಂಟು. ಅವು ಸಿ-ಸಿ ಕೇಬಲಿನಲ್ಲಿ ಎಂದಿಗೂ ಚಾರ್ಜ್ ಆಗವು, ತಪ್ಪು ಕೇಬಲಿನದ್ದಲ್ಲ.)

ಕೊಳೆ ಬರುವುದು ಜೇಬಿನಿಂದ. ಬಟ್ಟೆಯ ಜುಂಗು ಕಿಂಡಿಯ ತಳ ಸೇರುತ್ತದೆ, ಪ್ರತಿ ಸಲ ಪಿನ್ ಹಾಕಿದಾಗ ಇನ್ನಷ್ಟು ಒತ್ತಿಕೊಂಡು ಗಟ್ಟಿ ಬಿಲ್ಲೆಯಾಗುತ್ತದೆ. ಪಿನ್ ಪೂರ್ತಿ ಒಳಗೆ ಕೂರದೆ ಸ್ವಲ್ಪ ಹೊರಗೇ ನಿಂತರೆ, ಕ್ಲಿಕ್ ಎನ್ನದಿದ್ದರೆ, ಫೋನ್ ಎತ್ತಿದಾಗ ಕಳಚಿ ಬಿದ್ದರೆ ಕಾರಣ ಇದೇ ಇರಬಹುದು. ಫೋನ್ ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿ. ಮರದ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಕೆತ್ತಿ, ಹೊರಗೋಡೆಗೆ ತಾಗಿಸಿಕೊಂಡು ಒಳಬಿಟ್ಟು, ತಳದಿಂದ ಹೊರಕ್ಕೆ ಎಳೆಯಿರಿ. ನಡುವಿನ ನಾಲಿಗೆಯ ಎರಡೂ ಮುಖಗಳಲ್ಲಿ ಅರ್ಧ ಮಿಲಿಮೀಟರ್ ಅಂತರದಲ್ಲಿ ಚಿನ್ನದ ಲೇಪದ ಪಟ್ಟಿಗಳಿರುತ್ತವೆ; ಅದನ್ನು ಮೀಟಬೇಡಿ. ಸೇಫ್ಟಿ ಪಿನ್, ಸೂಜಿ ಖಂಡಿತ ಬೇಡ. ಲೇಪ ಒಮ್ಮೆ ಕಿತ್ತರೆ ಅಲ್ಲಿ ಕಿಲುಬು ಶುರುವಾಗುತ್ತದೆ. ಬಾಯಿಂದ ಊದಿದರೆ ಉಸಿರಿನ ತೇವವೂ ಒಳಸೇರುತ್ತದೆ. ಅಂಟು ಕೊಳೆಯಿದ್ದರೆ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸಣ್ಣ ಮೃದು ಬ್ರಷ್ಷಿಗೆ ಒಂದೆರಡು ಹನಿ ಹಾಕಿ ಉಜ್ಜಿ, ಕಾಲು ಗಂಟೆ ಆರಲು ಬಿಡಿ. ಸ್ಯಾನಿಟೈಸರಿನಲ್ಲಿ ನೀರೂ ಇತರ ವಸ್ತುಗಳೂ ಇರುವುದರಿಂದ ಅದು ಸಲ್ಲದು.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಕಾಟ. ಕಿಂಡಿಯಲ್ಲಿ ತೇವ ಕಂಡರೆ ಈಗಿನ ಅನೇಕ ಫೋನುಗಳು ಹನಿಯ ಗುರುತು ತೋರಿಸಿ ಚಾರ್ಜಿಂಗ್ ನಿಲ್ಲಿಸುತ್ತವೆ. ಅದು ದೋಷವಲ್ಲ, ರಕ್ಷಣೆ. ಒದ್ದೆ ಪಿನ್ನುಗಳಿಗೆ 5 ವೋಲ್ಟ್ ಬಿದ್ದರೆ ಲೋಹವೇ ಕರಗಿ ಹಸಿರು ಕಿಲುಬಾಗುತ್ತದೆ. ಎಚ್ಚರಿಕೆಯನ್ನು ಒತ್ತಿ ಸರಿಸಿ ಚಾರ್ಜ್ ಮಾಡಬೇಡಿ. ಕಿಂಡಿ ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಕನಿಷ್ಠ ಅರ್ಧ ಗಂಟೆ ಫ್ಯಾನಿನ ಗಾಳಿಗಿಡಿ. ಪೂರ್ತಿ ಒಣಗಲು ಒಂದು ದಿನವೂ ಬೇಕಾದೀತು. ಅಕ್ಕಿ ಡಬ್ಬ ಬೇಡ, ಅದರ ಪುಡಿ ಕಿಂಡಿಗೆ ಸೇರುತ್ತದೆ. ಆ್ಯಪಲ್ ಕಂಪನಿಯೇ ಇದನ್ನು ಬೇಡವೆಂದಿದೆ. ಒಣಗಿದ ಮೇಲೂ ಹನಿ ಗುರುತು ಹೋಗದಿದ್ದರೆ ಪಿನ್ನುಗಳ ನಡುವೆ ಕಿಲುಬೋ ಉಪ್ಪಿನಂಶವೋ ಕೂತಿರುತ್ತದೆ.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೈಕಿನ ಹಿಡಿಕೆಗೆ ಸಿಕ್ಕಿಸಿ ಮ್ಯಾಪ್ ನೋಡುತ್ತ ಚಾರ್ಜ್ ಹಾಕಿದರೆ ನಿಂತುಹೋಗುವುದು ಸಹಜ. ಬ್ಯಾಟರಿ ಸುಮಾರು 45 ಡಿಗ್ರಿ ದಾಟಿದರೆ ಫೋನು ಚಾರ್ಜಿಂಗನ್ನು ತಗ್ಗಿಸುತ್ತದೆ ಅಥವಾ ತಡೆಯುತ್ತದೆ. ಕವರ್ ತೆಗೆದು ನೆರಳಿಗಿಡಿ. ಫ್ರಿಜ್ಜಿನಲ್ಲಿಟ್ಟರೆ ಫೋನಿನ ಒಳಗೆ ತೇವ ಹನಿಗಟ್ಟುತ್ತದೆ. ಇನ್ನು ಶೇ. 80ಕ್ಕೆ ನಿಲ್ಲುತ್ತಿದ್ದರೆ ಸೆಟ್ಟಿಂಗ್ಸಿನ ಬ್ಯಾಟರಿ ರಕ್ಷಣೆಯ ಆಯ್ಕೆ ನೋಡಿ, ಅಷ್ಟೇ.

ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ಫೋನಿನ ಬ್ಯಾಟರಿ 3 ವೋಲ್ಟಿಗಿಂತ ಕೆಳಗಿಳಿದಿರಬಹುದು. ಆಗ ಚಾರ್ಜಿಂಗ್ ಐಸಿ (ಚಾರ್ಜ್ ನಿಯಂತ್ರಿಸುವ ಚಿಪ್) ಬಹಳ ಸಣ್ಣ ಕರೆಂಟನ್ನಷ್ಟೇ ಬಿಡುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಒಂದು ಗಂಟೆ ಬಿಡಿ, ಬಟನ್ ಒತ್ತುತ್ತಿರಬೇಡಿ. ಆಮೇಲೆ ಬಲವಂತದ ರೀಸ್ಟಾರ್ಟ್: ಬಹುತೇಕ ಆಂಡ್ರಾಯ್ಡಿನಲ್ಲಿ ಪವರ್ ಮತ್ತು ವಾಲ್ಯೂಮ್ ಡೌನ್ ಒಟ್ಟಿಗೆ 10–20 ಸೆಕೆಂಡ್, ಐಫೋನ್ 8ರಿಂದೀಚೆಗೆ ವಾಲ್ಯೂಮ್ ಅಪ್ ಒತ್ತಿಬಿಟ್ಟು, ಡೌನ್ ಒತ್ತಿಬಿಟ್ಟು, ಪಕ್ಕದ ಬಟನ್ ಲೋಗೊ ಬರುವವರೆಗೆ. ಆದರೆ ಹಿಂಬದಿ ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಮೇಲೆದ್ದಿದ್ದರೆ ಇದ್ಯಾವುದನ್ನೂ ಮಾಡಬಾರದು. ಚಾರ್ಜರ್ ಕಿತ್ತು, ಒತ್ತದೆ, ಬಗ್ಗಿಸದೆ ನೇರ ಅಂಗಡಿಗೆ.

ಅಂಗಡಿಗೆ ಹೋಗಬೇಕಾದಾಗ ವೈರ್‌ಲೆಸ್ ಚಾರ್ಜಿಂಗ್ ಇರುವ ಫೋನಾದರೆ ಮೊದಲು ಅದರಲ್ಲಿಟ್ಟು ನೋಡಿ. ಚಾರ್ಜ್ ಆದರೆ ಬ್ಯಾಟರಿ ಸರಿಯಿದೆ, ಕಿಂಡಿಯ ಕಡೆಯದೇ ದೋಷ. ಫೋಟೊ, ದಾಖಲೆಗಳನ್ನು ಆಗಲೇ ಬೇರೆಡೆ ನಕಲು ಮಾಡಿಕೊಳ್ಳಿ. ಅಂಗಡಿಯವರಿಗೆ ಯುಎಸ್‌ಬಿ ಮೀಟರ್ ಹಾಕಿ ಕರೆಂಟು ತೋರಿಸಲು ಕೇಳಿ. 0.00 ಆಂಪಿಯರ್ ಇದ್ದರೆ ಬ್ಯಾಟರಿ ಬದಲಿಸುವ ಮೊದಲು ಸಬ್ ಬೋರ್ಡ್ ಬದಲಿಸಿ ನೋಡಲು ಹೇಳಿ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕಿಂಡಿ ಇರುವುದು ಆ ಸಣ್ಣ ಬೋರ್ಡಿನ ಮೇಲೆ, ಮೇನ್ ಬೋರ್ಡಿಗೆ ಬಾಗುವ ಒಂದು ತೆಳು ಫ್ಲೆಕ್ಸ್ ಪಟ್ಟಿಯ ಜೋಡಣೆ, ಬೆಸುಗೆಯಿಲ್ಲದೆ ಬದಲಾಗುತ್ತದೆ. ಚಾರ್ಜಿಂಗ್ ಐಸಿಯ ಸರದಿ ಆಮೇಲೆ. ಬ್ಯಾಟರಿಯೇ ಬದಲಾಗಬೇಕಾದರೂ ನಕಲಿ ಬೇಡ: ಪ್ಲಸ್, ಮೈನಸ್ ಅಲ್ಲದೆ ತಾಪ ಅಳೆಯುವ ಸಂಪರ್ಕವೂ ಅದರಲ್ಲಿರುತ್ತದೆ, ಅದು ಸರಿಯಾದ ಮೌಲ್ಯ ಕೊಡದಿದ್ದರೆ ಹೊಸ ಬ್ಯಾಟರಿಯೂ ಚಾರ್ಜ್ ಆಗದು. ನೀರು ತಡೆಯುವ ಫೋನನ್ನು ಒಮ್ಮೆ ಬಿಚ್ಚಿದರೆ ಹಳೆಯ ಅಂಟು ಮತ್ತೆ ಹಿಡಿಯುವುದಿಲ್ಲ. ಹೊಸ ಅಂಟುಪಟ್ಟಿ ಹಾಕಿಸಿಕೊಳ್ಳಿ, ಹಾಕಿದ ಮೇಲೂ ಅದನ್ನು ಮಳೆಯಲ್ಲಿ ಮೊದಲಿನಷ್ಟು ನಂಬಬೇಡಿ.