ಮೇಲಿನ ಸಾಲು ಒಳ್ಳೆಯದು, ಕೆಳಗಿನ ಸಾಲು ಕೆಟ್ಟದ್ದು: ಆಟಗಳಲ್ಲಿ ಪಾಪ-ಪುಣ್ಯ ಬೆಳೆದು ಬಂದ ಬಗೆ

ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಆಟದ ಹುಚ್ಚಿರುವ ಎಂಜಿನಿಯರಿಂಗ್ ಹುಡುಗರು ನಾಲ್ಕು ಜನ ಸೇರಿದರೆ ಒಂದು ವಾದ ಏಳುತ್ತದೆ. ಆರ್‌ಪಿಜಿ ಆಟಗಳಲ್ಲಿ, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ವಿಡಿಯೋ ಗೇಮುಗಳಲ್ಲಿ, ನಾವು ಮಾಡುವ ಆಯ್ಕೆಗೆ ನಿಜವಾಗಿ ಬೆಲೆ ಇದೆಯಾ, ಇಲ್ಲ ಸುಮ್ನೆ ಇದೆ ಅನ್ನಿಸುತ್ತದಾ? ಒಬ್ಬ ‘ಬಾಲ್ಡರ್ಸ್ ಗೇಟ್ 3’ರ ಉದಾಹರಣೆ ಕೊಡುತ್ತಾನೆ. ಇನ್ನೊಬ್ಬ ‘ಮಾಸ್ ಎಫೆಕ್ಟ್ 3’ರ ಕೊನೆಯನ್ನು ನೆನಪಿಸಿ ಎಲ್ಲಾ ಮೋಸ ಎನ್ನುತ್ತಾನೆ. ಇಬ್ಬರ ಆಟಗಳ ನಡುವೆ ಹನ್ನೊಂದು ವರ್ಷದ ಅಂತರವಿದೆ. ಅಷ್ಟರಲ್ಲಿ ಆಯ್ಕೆಯ ರೂಪವೇ ಬದಲಾಗಿದೆ. ವಾದ ಮುಗಿಯದಿರುವುದು ಅದಕ್ಕೇ.

ಶುರುವಿನ ಆಟಗಳಲ್ಲಿ ರಾಕ್ಷಸನನ್ನು ಕೊಂದರೆ ಕೆಲಸ ಮುಗಿಯಿತು. ದಾರಿಯಲ್ಲಿ ಹಳ್ಳಿಯವರನ್ನು ದೋಚಿದರೂ ಕೇಳುವವರು ಕಡಿಮೆ. 1985ರಲ್ಲಿ ಆಟ ತಯಾರಕ ರಿಚರ್ಡ್ ಗ್ಯಾರಿಯಟ್ ‘ಅಲ್ಟಿಮಾ 4’ ತಂದರು. ಅದರಲ್ಲಿ ಕೊಲ್ಲಲು ದೊಡ್ಡ ಖಳನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ನ್ಯಾಯ ಹೀಗೆ ಎಂಟು ಗುಣಗಳಲ್ಲಿ ಪಳಗಬೇಕು. ಮೂಲಿಕೆ ಮಾರುವವರಿಗೆ ಕಣ್ಣು ಕಾಣುವುದಿಲ್ಲ, ದುಡ್ಡು ನೀವೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೂ ಸಾಮಾನು ಸಿಗುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಪ್ರಾಮಾಣಿಕತೆಯ ಅಂಕ ಮಾತ್ರ ಒಳಗೊಳಗೇ ಇಳಿಯುತ್ತದೆ. ಅದು ಪರದೆಯ ಮೇಲೆ ಕಾಣುವುದಿಲ್ಲ. ಅರಮನೆಯಲ್ಲಿರುವ ಜ್ಞಾನಿಯನ್ನು ಹೋಗಿ ಕೇಳಿದರೆ ಸುಳಿವು ಸಿಗುತ್ತದೆ, ಅಷ್ಟೇ.

1997ರ ‘ಫಾಲ್‌ಔಟ್’ ಆಟ ಮುಗಿದ ಮೇಲೆ ಒಂದೊಂದು ಊರಿಗೂ ನಿಮ್ಮಿಂದ ಏನಾಯಿತು ಎಂದು ತೋರಿಸಿತು.

ಆಮೇಲೆ ಲೆಕ್ಕ ಹೊರಗೆ ಬಂತು. 2003ರ ಸ್ಟಾರ್ ವಾರ್ಸ್ ಆರ್‌ಪಿಜಿಯಲ್ಲಿ ಬೆಳಕು-ಕತ್ತಲೆಯ ಅಳತೆಪಟ್ಟಿ. 2004ರ ‘ಫೇಬಲ್’ನಲ್ಲಿ ಕೆಟ್ಟ ಕೆಲಸ ಮಾಡಿದರೆ ತಲೆಗೆ ಕೊಂಬು. 2007ರ ‘ಮಾಸ್ ಎಫೆಕ್ಟ್’ನಲ್ಲಿ ಒಳ್ಳೆಯತನಕ್ಕೆ ನೀಲಿ, ಒರಟುತನಕ್ಕೆ ಕೆಂಪು ಅಂಕಗಳು. ಚಿತ್ರಗುಪ್ತನ ಪುಸ್ತಕವನ್ನು ನಮ್ಮೆದುರೇ ತೆರೆದಿಟ್ಟ ಹಾಗಾಯಿತು. ಪುಸ್ತಕ ಕಾಣುತ್ತಿದ್ದರೆ ಯಾರೇ ಆದರೂ ಅಂಕ ನೋಡಿಕೊಂಡೇ ನಡೆಯುತ್ತಾರೆ, ಅಲ್ವಾ? ಒಂದೇ ಬಣ್ಣ ತುಂಬಿಸಿಕೊಂಡವರಿಗೆ ಮುಂದೆ ವಿಶೇಷ ಮಾತುಗಳು ತೆರೆದುಕೊಳ್ಳುತ್ತಿದ್ದವು. ಹಾಗಾಗಿ ಪ್ರತಿ ಸಲ ಯೋಚಿಸುವ ಅಗತ್ಯವೇ ಉಳಿಯಲಿಲ್ಲ. ಸುಮಾರು 92 ಶೇಕಡಾ ಆಟಗಾರರು ಒಳ್ಳೆಯ ದಾರಿಯನ್ನೇ ಹಿಡಿದಿದ್ದರು ಎಂದು ‘ಮಾಸ್ ಎಫೆಕ್ಟ್’ ಸರಣಿಗೆ ದುಡಿದವರೊಬ್ಬರು 2020ರಲ್ಲಿ ಹೇಳಿದರು.

ಆದರೆ ನಮ್ಮ ಕಡೆಯಿಂದ ನೋಡಿದರೆ ಇನ್ನೊಂದು ಮಾತು ಹೇಳಲೇಬೇಕು. ಈ ಆಟಗಳಲ್ಲಿ ಕನ್ನಡ ಇಲ್ಲ. ಹರಿಹರದಿಂದಲೋ ಜಗಳೂರಿನಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ಆ ಉದ್ದುದ್ದ ಇಂಗ್ಲಿಷ್ ಮಾತುಕತೆ ಸುಲಭವಲ್ಲ. ‘ಮಾಸ್ ಎಫೆಕ್ಟ್’ನಲ್ಲಿ ಒಳ್ಳೆಯ ಉತ್ತರ ಸಾಮಾನ್ಯವಾಗಿ ಮೇಲೆ, ಒರಟು ಉತ್ತರ ಕೆಳಗೆ. ಮಾತು ಪೂರ್ತಿ ಅರ್ಥವಾಗದಿದ್ದರೂ ಕಥೆಯ ಜೊತೆ ಹೋಗಬಹುದಿತ್ತು. ಆಯ್ಕೆಯ ತೂಕ ಕಳೆದ ಅದೇ ವ್ಯವಸ್ಥೆ ಎಷ್ಟೋ ಮಂದಿಗೆ ಬಾಗಿಲನ್ನೂ ತೆರೆಯಿತು.

ಅಂಕ ಇಲ್ಲದ ದಾರಿಯನ್ನು ಪೋಲೆಂಡಿನ ಆಟದ ಕಂಪನಿ ಸಿಡಿ ಪ್ರಾಜೆಕ್ಟ್ ರೆಡ್ ಹಿಡಿಯಿತು. 2007ರ ‘ದಿ ವಿಚರ್’ನಲ್ಲಿ ಇಂದು ಮಾಡಿದ ತೀರ್ಮಾನದ ಫಲ ಮುಂದಿನ ಅಧ್ಯಾಯದಲ್ಲಿ ಸಿಗುತ್ತದೆ. ಹಳೆಯ ಸೇವ್‌ಗೆ (ಹಿಂದೆ ಆಟ ಉಳಿಸಿಟ್ಟ ಜಾಗಕ್ಕೆ) ಹೋಗೋಣ ಅಂದರೆ ಗಂಟೆಗಟ್ಟಲೆ ಆಡಿದ್ದು ದಂಡವಾಗುತ್ತದೆ. ಅದೇ ಸರಣಿಯ 2015ರ ಮೂರನೇ ಆಟದಲ್ಲಿ ಇದು ಇನ್ನೂ ಗಟ್ಟಿಯಾಯಿತು. ಗುಡ್ಡದ ಮರದ ಬುಡದಲ್ಲಿ ಒಂದು ಆತ್ಮ ಸೆರೆಯಾಗಿದೆ. ಬಿಡಿಸಿದರೆ ಜೌಗಿನಲ್ಲಿರುವ ಅನಾಥ ಮಕ್ಕಳು ಉಳಿಯುತ್ತಾರೆ, ಆದರೆ ಒಂದು ಹಳ್ಳಿ ಹಾಳಾಗುತ್ತದೆ. ಆ ಸೀಮೆಯ ಒಡೆಯನ ಹೆಂಡತಿ ಶಾಪಕ್ಕೆ ಸಿಕ್ಕಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ. ಆತ್ಮವನ್ನು ಕೊಂದರೆ ಹಳ್ಳಿ ಉಳಿಯುತ್ತದೆ. ಬುದ್ಧಿ ಕಳೆದುಕೊಂಡ ಹೆಂಡತಿಯನ್ನು ಅವನು ಚಿಕಿತ್ಸೆಗೆ ಕರೆದೊಯ್ಯುತ್ತಾನೆ. ಆ ಅನಾಥ ಮಕ್ಕಳು ಮಾತ್ರ ಉಳಿಯುವುದಿಲ್ಲ. ಇದರಲ್ಲಿ ಯಾವುದು ಸರಿ ಎಂದು ಆಟ ಹೇಳುವುದಿಲ್ಲ. ಈ ಕಲೆ ಇಷ್ಟು ಎತ್ತರಕ್ಕೆ ಹೋದದ್ದು ಕಡಿಮೆ.

ಹಾಗಿದ್ದರೆ ಎಲ್ಲರೂ ಹೀಗೇಕೆ ಮಾಡಲಿಲ್ಲ? ಖರ್ಚು. ಒಂದು ಕವಲು ಒಡೆದರೆ ಅದಕ್ಕೆ ಬೇರೆ ಮಾತು, ಬೇರೆ ದನಿ, ಬೇರೆ ದೃಶ್ಯ ಬೇಕು. ಎಷ್ಟೋ ಆಟಗಾರರು ಅದನ್ನು ನೋಡುವುದೇ ಇಲ್ಲ. ಹಾಗಾಗಿ ಕವಲುಗಳನ್ನು ಮತ್ತೆ ಒಂದೇ ದಾರಿಗೆ ತಂದು ಸೇರಿಸುತ್ತಾರೆ. 2012ರಲ್ಲಿ ‘ಮಾಸ್ ಎಫೆಕ್ಟ್ 3’ರ ಕೊನೆ ನೋಡಿ ಆಟಗಾರರು ಸಿಟ್ಟಾದದ್ದು ಇಲ್ಲೇ. ಮೂರು ಆಟಗಳ ಆಯ್ಕೆಗಳು ಹೆಚ್ಚುಕಡಿಮೆ ಒಂದೇ ಥರದ ಕೊನೆಗಳಿಗೆ ಬಂದು ನಿಂತವು. ಅದೇ ವರ್ಷ ಕೊನೆಯನ್ನು ಹಿಗ್ಗಿಸಿ ಉಚಿತವಾಗಿ ಕೊಟ್ಟರು.

ಉಳಿದ ತೊಡಕು ಸೇವ್ ಫೈಲ್‌ನದು. ತಪ್ಪಾಯಿತಾ, ಲೋಡ್ ಮಾಡು. 2015ರ ‘ಅಂಡರ್‌ಟೇಲ್’ ಅದಕ್ಕೂ ಒಂದು ದಾರಿ ಹುಡುಕಿತು. ಅದರಲ್ಲಿ ಎಲ್ಲರನ್ನೂ ಕೊಂದು ಮುಗಿಸಿ, ಆಮೇಲೆ ಹೊಸದಾಗಿ ಶುರು ಮಾಡಿ ಒಬ್ಬರನ್ನೂ ನೋಯಿಸದೆ ಆಡಿದರೂ, ಕೊನೆಯಲ್ಲಿ ಹಳೆಯ ಪಾಪದ ಕಲೆ ಕಾಣುತ್ತದೆ. 2023ರ ಆಗಸ್ಟ್‌ನಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ಗೆ ಆ ವರ್ಷದ ನವೆಂಬರ್ ಕೊನೆಗೆ ಹಾನರ್ ಮೋಡ್ ಸೇರಿತು. ಅದರಲ್ಲಿ ಒಂದೇ ಸೇವ್. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಬೇಡ ಅನ್ನಿಸಿದವರು ಮಾಮೂಲಿ ಮೋಡ್‌ನಲ್ಲೇ ಆಡಬಹುದು.