ದಿನಕ್ಕೆ 2,000 ಹೆಚ್ಚಿನ ರೂಮು, ಬಿಲ್ಲಿನಲ್ಲಿ 56,000 ಹೊರೆ

ಆಸ್ಪತ್ರೆಗೆ ಸೇರಿಸುವ ಆತಂಕದಲ್ಲಿ ಮನೆಯವರು ಒಳ್ಳೆಯ ರೂಮನ್ನೇ ಕೇಳುತ್ತಾರೆ. ವಿಮೆ ಇದೆ, ರೂಮಿನ ವ್ಯತ್ಯಾಸವಷ್ಟೇ ತಾನೇ ಕೈಯಿಂದ ಎಂಬ ಧೈರ್ಯ. ಡಿಸ್ಚಾರ್ಜ್ ದಿನ ಚಿನ್ನ ಅಡವಿಡುವ, ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತುವ ಪರಿಸ್ಥಿತಿ ಬಂದಾಗ ಲೆಕ್ಕ ಅರ್ಥವಾಗುತ್ತದೆ.

ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ಸರ್ಜನ್ ಶುಲ್ಕ, ಒಟಿ (ಆಪರೇಷನ್ ಥಿಯೇಟರ್), ಅರಿವಳಿಕೆ, ಡಾಕ್ಟರ್ ವಿಸಿಟ್ ದರಗಳೂ ಏರುತ್ತವೆ. ಆಪರೇಷನ್ ಅದೇ, ಡಾಕ್ಟರೂ ಅವರೇ. ಹಾಗಾಗಿ ಪಾಲಿಸಿಯಲ್ಲಿ ರೂಮು ಬಾಡಿಗೆಗೆ ಮಿತಿ ಇದ್ದು, ಅದನ್ನು ಮೀರಿದ ರೂಮು ಹಿಡಿದರೆ ವಿಮಾ ಕಂಪನಿ ಈ ಶುಲ್ಕಗಳನ್ನೂ ಅದೇ ಅನುಪಾತದಲ್ಲಿ ಕತ್ತರಿಸುತ್ತದೆ.

3 ಲಕ್ಷದ ಪಾಲಿಸಿ, ರೂಮಿನ ಮಿತಿ ದಿನಕ್ಕೆ ಶೇ 1, ಅಂದರೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಹಿಡಿದದ್ದು 5,000ದ ರೂಮು, 4 ದಿನ. 5,000ಕ್ಕೆ 3,000, ಅಂದರೆ ಸಿಗುವುದು ಶೇ 60. ರೂಮಿನ 20,000ದಲ್ಲಿ 12,000. ಸರ್ಜನ್, ಒಟಿ ಇತ್ಯಾದಿ 1,20,000ದಲ್ಲಿ 72,000. ಔಷಧ, ಪರೀಕ್ಷೆಗಳ 50,000 ಪೂರ್ತಿ. ಗ್ಲೌಸ್, ಮಾಸ್ಕ್, ಡೈಪರ್, ವಿವರವಿಲ್ಲದ ‘ಕಿಟ್’ಗಳ 10,000ಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಏನೂ ಇಲ್ಲ. 2 ಲಕ್ಷದ ಬಿಲ್ಲಿನಲ್ಲಿ ಮನೆಯ ಪಾಲು 66,000, ಅದರಲ್ಲಿ 56,000 ರೂಮಿನ ದೆಸೆಯಿಂದಲೇ. ರೂಮಿನ ವ್ಯತ್ಯಾಸ ಕೇವಲ 8,000 ಇತ್ತು!

ರೂಮು ದಿನಕ್ಕೆ 5,000 ದಾಟಿದರೆ ಶೇ 5 ಜಿಎಸ್‌ಟಿಯೂ ಸೇರುತ್ತದೆ, ಐಸಿಯುಗೆ ಅದಿಲ್ಲ.

ಈ ಅನುಪಾತದ ಕಡಿತಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2020ರಲ್ಲೇ ಗೆರೆ ಎಳೆದಿದೆ. ಔಷಧ, ಇಂಪ್ಲಾಂಟ್, ಪರೀಕ್ಷೆ, ಐಸಿಯು ಶುಲ್ಕಗಳಿಗೆ ಅನುಪಾತ ಹಚ್ಚುವಂತಿಲ್ಲ. ರೂಮು ಯಾವುದಾದರೂ ಚಿಕಿತ್ಸೆಗೆ ಒಂದೇ ದರ ಹಾಕುವ ಆಸ್ಪತ್ರೆಯಲ್ಲಿ ಈ ಕಡಿತವೇ ಸಲ್ಲದು. ಆದರೂ ಯಾವುದಕ್ಕೆ ಎಷ್ಟು ಕೊಟ್ಟೆವೆಂದು ಕಂಪನಿ ತಿಳಿಸುವ ಸೆಟಲ್‌ಮೆಂಟ್ ಪತ್ರವನ್ನು ಸಾಲುಸಾಲಾಗಿ ನೋಡುವವರು ಕಡಿಮೆ, ದಯವಿಟ್ಟು ನೋಡಿ.

ದಾಖಲಾತಿಗೆ ಸಹಿ ಹಾಕುವ ಮೊದಲು ಪಾಲಿಸಿಯಲ್ಲಿ ‘ರೂಮ್ ರೆಂಟ್’ ಸಾಲು ಹುಡುಕಿ. ಇನ್ಶೂರೆನ್ಸ್ ಡೆಸ್ಕಿನಲ್ಲಿ ಎರಡು ದರ್ಜೆಯ ರೂಮುಗಳಿಗೆ ಪ್ರತ್ಯೇಕ ಅಂದಾಜು ಕೇಳಿ. ಮಿತಿಯೊಳಗಿನ ರೂಮು ಖಾಲಿ ಇಲ್ಲವೆಂದರೆ ಅದನ್ನು ಬರವಣಿಗೆಯಲ್ಲಿ ಪಡೆದು ಆಗಲೇ ಕಂಪನಿಗೆ ಇಮೇಲ್ ಮಾಡಿ. ಕ್ಲೇಮ್ ಬಂದೇ ಬರುತ್ತದೆಂಬ ಭರವಸೆ ಅದರಿಂದ ಸಿಗದು, ದಾಖಲೆ ಉಳಿಯುತ್ತದೆ.

ಕಡಿತ ತಪ್ಪೆನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ.